ಕ್ರೀಡಾಂಗಣದ ಕೂಗು ಮತ್ತು ವೃತ್ತಪತ್ರಿಕೆ

ಕೂಗಿನ ಅರ್ಥವು ಅದರ ಶಬ್ದದಲ್ಲಷ್ಟೇ ಇರುವುದಿಲ್ಲ. ಯಾರು, ಯಾರನ್ನು ಕುರಿತು, ಯಾವ ಗಳಿಗೆಯಲ್ಲಿ ಕೂಗಿದರು ಎಂಬುದರಿಂದ ಅದು ನಿರ್ಣಯವಾಗುತ್ತದೆ. 2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಪಂದ್ಯದ ವರದಿಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಉಚಿತ.

ಅಂದು ಎರಡು ವಿಕೆಟ್ಟಿಗೆ 155 ರನ್ ಗಳಿಸಿದ್ದ ಪಾಕಿಸ್ತಾನವು 191ಕ್ಕೆ ಕುಸಿಯಿತು. ಭಾರತ ಏಳು ವಿಕೆಟ್ಟುಗಳಿಂದ ಗೆದ್ದಿತು. 49 ರನ್ ಗಳಿಸಿ ಬುಮ್ರಾ ಅವರ ಎಸೆತಕ್ಕೆ ಔಟಾದ ಮೊಹಮ್ಮದ್ ರಿಜ್ವಾನ್ ಹಿಂದಿರುಗುತ್ತಿದ್ದಾಗ ಪ್ರೇಕ್ಷಕರಲ್ಲಿ ಕೆಲವರು ‘ಜೈ ಶ್ರೀರಾಮ್’ ಎಂದು ಕೂಗಿದರು. ಅದರ ಕಿರುದೃಶ್ಯ ದೇಶವನ್ನೆಲ್ಲ ಸುತ್ತಿತು. ತಮಿಳುನಾಡಿನ ಸಚಿವ ಉದಯನಿಧಿ ಸ್ಟಾಲಿನ್ ಅದನ್ನು ಖಂಡಿಸಿದರು. ಅವರನ್ನು ಖಂಡಿಸಿದವರೂ ಹಲವರು. ಹಲವು ವರದಿಗಳು ಈ ವಾದ-ಪ್ರತಿವಾದದಲ್ಲಿಯೇ ಮುಗಿದುವು.

ಇಲ್ಲಿ ಎರಡು ದೋಷಗಳನ್ನು ಗುರುತಿಸಬಹುದು. ಲಕ್ಷಕ್ಕೂ ಮಿಕ್ಕ ಜನಸ್ತೋಮವನ್ನು ಏಕವ್ಯಕ್ತಿಯೆಂಬಂತೆ ಚಿತ್ರಿಸಿದುದು ಮೊದಲನೆಯದು. ಕೂಗಿದವನೂ, ಸುಮ್ಮನೆ ಕುಳಿತವನೂ, ವಡೋದರಾ-ಸೂರತ್ತುಗಳಿಂದ ಆಟ ನೋಡಲೆಂದೇ ಬಂದವನೂ ‘ಅಹಮದಾಬಾದ್’ ಎಂಬ ಒಂದೇ ಹೆಸರಿನಲ್ಲಿ ಅಡಗಿಹೋದರು. ಸಮರ್ಥಕರ ವಾದವೂ ನಿಲ್ಲುವಂತಹುದಲ್ಲ. ದೇವನಾಮವು ನಿಂದೆಯಾಗಲಾರದೆಂದು ಅವರು ವಾದಿಸಿದರು. ಆದರೆ ಗುಡಿಯಲ್ಲಿ ಸ್ತುತಿಯಾದ ನಾಮವೇ, ಸೋತು ಹೋಗುತ್ತಿರುವ ಅನ್ಯಧರ್ಮೀಯನ ಕಡೆಗೆ ಎಸೆದಾಗ ಹಂಗಿಸುವ ಮಾತಾಗುತ್ತದೆ.

ಎರಡನೆಯ ದೋಷ ಇನ್ನೂ ಗುರುತರವಾದುದು. ಕಲಕತ್ತೆಯ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯದಲ್ಲಿ ಒಂದು ಪಕ್ಷದ ಕೂಗಿಗೆ ಇನ್ನೊಂದು ಪಕ್ಷದ ಮರುಕೂಗು ಉಂಟು. ಅಹಮದಾಬಾದಿನಲ್ಲಿ ಮರುಕೂಗಿಗೆ ಜನರೇ ಇರಲಿಲ್ಲವೆನ್ನಬೇಕು. ಪಾಕಿಸ್ತಾನದ ಅಭಿಮಾನಿಗಳಿಗೆ ವೀಸಾ ದೊರೆತಿರಲಿಲ್ಲ. ಪಾಕಿಸ್ತಾನದ ಕ್ರಿಕೆಟ್ ಮಂಡಳಿಯು ಅಂತರರಾಷ್ಟ್ರೀಯ ಮಂಡಳಿಗೆ ಸಲ್ಲಿಸಿದ ದೂರಿನಲ್ಲಿ ವೀಸಾ ಮತ್ತು ಪ್ರೇಕ್ಷಕರ ವರ್ತನೆ ಎರಡೂ ಒಟ್ಟಿಗೆ ಇದ್ದುವು. ಪತ್ರಿಕೆಗಳಲ್ಲಿಯಾದರೋ ಅವು ಬಹುಮಟ್ಟಿಗೆ ಬೇರೆ ಬೇರೆ ಸುದ್ದಿಗಳಾಗಿಯೇ ಉಳಿದುವು. ಒಂದು ಪಕ್ಷದ ಅನುಪಸ್ಥಿತಿಯನ್ನು ಹೇಳದೆ ಇನ್ನೊಂದು ಪಕ್ಷದ ಅಬ್ಬರವನ್ನು ತೂಗಲಾಗದು.

ಆರು ದಿನಗಳ ತರುವಾಯ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ–ಪಾಕಿಸ್ತಾನ ಪಂದ್ಯ ನಡೆಯಿತು. ‘ಪಾಕಿಸ್ತಾನ್ ಜಿಂದಾಬಾದ್’ ಎಂದು ಕೂಗಿದ ಆ ದೇಶದ ಅಭಿಮಾನಿಯೊಬ್ಬನನ್ನು ಪೊಲೀಸರೊಬ್ಬರು ತಡೆದರು. ತನ್ನ ತಂಡ ಆಡುವಾಗ ಮತ್ತೇನು ಕೂಗಬೇಕೆಂಬುದು ಅವನ ಪ್ರಶ್ನೆ. ಈ ವರದಿ ಸ್ಪಷ್ಟವಾಯಿತು. ಏಕೆಂದರೆ ಕೂಗಿದವನು, ತಡೆದವನು, ಸಂದರ್ಭ ಮೂರೂ ಅದರಲ್ಲಿದ್ದುವು.

ಜನಸ್ತೋಮಕ್ಕೆ ಸ್ಥಿರವಾದ ಸ್ವಭಾವವೆಂಬುದಿಲ್ಲ. 1999ರಲ್ಲಿ ಚೆನ್ನೈಯ ಪ್ರೇಕ್ಷಕರು 12 ರನ್ನುಗಳಿಂದ ಗೆದ್ದ ಪಾಕಿಸ್ತಾನ ತಂಡಕ್ಕೆ ಎದ್ದುನಿಂತು ಚಪ್ಪಾಳೆಯಿಕ್ಕಿದ್ದರು. ಆದುದರಿಂದ ಊರಿಗೆ ಗುಣವನ್ನಾಗಲಿ ದೋಷವನ್ನಾಗಲಿ ಹೊರಿಸುವ ಮುನ್ನ ವರದಿಗಾರನು ಯಾರ ದನಿ ಕೇಳಿಸಿತೆಂಬುದರ ಜೊತೆಗೆ, ಯಾರ ದನಿ ಕೇಳಿಸಲಿಲ್ಲವೆಂಬುದನ್ನೂ ಬರೆಯತಕ್ಕದ್ದು. ಪರನಾಡಿನಲ್ಲಿ ಅಲ್ಪಸಂಖ್ಯೆಯಲ್ಲಿ ಬಾಳುವ ವಾಚಕರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.