ಜಾತ್ರೆ ಹೊತ್ತಿನಲ್ಲಿ ಬೀಟಾ ಬೇಡ

ಆಪರೇಟಿಂಗ್ ಸಿಸ್ಟಂನ ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿ ಹಾಕಿಕೊಳ್ಳಬೇಕೇ ಬೇಡವೇ ಎಂಬುದು ಆ ಕಂಪ್ಯೂಟರನ್ನು ಯಾರ ಕೆಲಸ ನೆಚ್ಚಿಕೊಂಡಿದೆ ಎಂಬುದರ ಮೇಲೆ ತೀರ್ಮಾನವಾಗುವ ಮಾತು. ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಒಂದೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಗೆ ಉತ್ತರ ಸುಲಭ: ಬೇಡ. ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ವರ್ಷದ ಮೊದಲ ಬೀಟಾ ಬರುವುದು ಮಾರ್ಚ್ ಕೊನೆ, ಏಪ್ರಿಲ್ ಆರಂಭದ ಸುಮಾರಿಗೆ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯೂ ಹೆಚ್ಚುಕಡಿಮೆ ಅದೇ ದಿನಗಳದು. ಐದು ತೇರು ಎಳೆಯುವ ಹಿಂದಿನ ದಿನ ಪ್ರಿಂಟರ್ ಮುನಿಸಿಕೊಂಡರೆ ಗಿರಾಕಿಗೆ ಬೇಕಾದದ್ದು ಕರಪತ್ರ, ಸಬೂಬಲ್ಲ.

ಕನ್ನಡದ ಕೆಲಸಕ್ಕೆ ಇನ್ನೊಂದು ತೊಡಕುಂಟು. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಫಾಂಟ್ ಸಿಗದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಎಕ್ಸ್‌ಪಿ ಎಂಬ ಹಳೆಯ ವಿಂಡೋಸ್ ಕಾಲದ ತುಂಗಾ ಫಾಂಟ್ ವಿಂಡೋಸ್ 10ಕ್ಕೆ ಬರುವಷ್ಟರಲ್ಲಿ ಬೇಕಾದವರು ಸೇರಿಸಿಕೊಳ್ಳುವ ಐಚ್ಛಿಕ ಭಾಗವಾಯಿತು. ಸೇರಿಸಿಕೊಳ್ಳದಿದ್ದರೆ ಅದರ ಜಾಗದಲ್ಲಿ ನಿರ್ಮಲಾ ಫಾಂಟ್ ಬಂದು ಕೂತು, ಅಳೆದು ಜೋಡಿಸಿದ ಸಾಲು ಮುರಿಯುತ್ತದೆ. ಪಕ್ಕಾ ಬಿಡುಗಡೆಯ ಪಾಡೇ ಇದಾದರೆ ಬೀಟಾದ ಪಾಡು ಕೇಳಬೇಕೇ?

ಹಾಗೆಂದು ಬೀಟಾ ಯಾರಿಗೂ ಬೇಡವೆಂದಲ್ಲ. 2024ರ ಮಾರ್ಚ್‌ನಲ್ಲಿ, ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಹುದುಗಿಸಿದ್ದ ಕಳ್ಳದಾರಿ ಬಯಲಾಯಿತು. ಡೆಬಿಯನ್ ಎಂಬ ಲಿನಕ್ಸ್‌ನ, ಇನ್ನೂ ಪರೀಕ್ಷೆಯಲ್ಲಿದ್ದ ಅಸ್ಥಿರ ಆವೃತ್ತಿ ಬಳಸುತ್ತಿದ್ದ ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಹಿಡಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಲೇ ಇಲ್ಲ, ಉಬುಂಟು 24.04ರ ಬೀಟಾ ಮಾತ್ರ ಒಂದು ವಾರ ಮುಂದಕ್ಕೆ ಹೋಯಿತು. ಇದಕ್ಕೆ ತದ್ವಿರುದ್ಧವಾದದ್ದು 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್. ಅದು ಕೆಲವರ ಫೈಲುಗಳನ್ನೇ ಅಳಿಸಿದ್ದರಿಂದ ಮೈಕ್ರೋಸಾಫ್ಟ್ ವಿತರಣೆ ನಿಲ್ಲಿಸಬೇಕಾಯಿತು. ಬೀಟಾ ಬಳಸಿದವರು ಈ ದೋಷವನ್ನು ಮೊದಲೇ ಹೇಳಿದ್ದರು. ಹೇಳಿದವರು ನಾಲ್ಕಾರು ಮಂದಿ ಎಂದು ದೂರು ಅಡಿಗೆ ಬಿದ್ದಿತ್ತು.

ಕನ್ನಡದ ದೂರಿಗೂ ಇದೇ ಗತಿಯಾಗಬಹುದು. ಆದ್ದರಿಂದ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದವರು ಅದರಲ್ಲಿ ಬೀಟಾ ಹಾಕಿ ನೋಡುವುದು ಒಳ್ಳೆಯದು. ಫೈಲುಗಳ ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು. ಇನ್‌ಸೈಡರ್ ಎಂಬ ವಿಂಡೋಸ್ ಬೀಟಾ ಯೋಜನೆಯಲ್ಲಿ ಕ್ಯಾನರಿ ಎಂಬ ಹಾದಿ ಹಿಡಿದವರು ಹಿಂದಿರುಗಬೇಕೆಂದರೆ ವಿಂಡೋಸನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು. ಹಾಕಿದ ಮೇಲೆ ‘ಶ್ರೀಕಂಠೇಶ್ವರ’, ‘ಪಾರ್ವತಿ’, ‘ರಾಷ್ಟ್ರ’ ಎಂದು ಟೈಪಿಸಿ, ಮುದ್ರಿಸಿ ನೋಡಬೇಕು. ಅರ್ಕಾವತ್ತು ತಪ್ಪಿದ್ದರೆ, ಒತ್ತಕ್ಷರ ಕಳಚಿದ್ದರೆ ಪರದೆಯ ಚಿತ್ರ ತೆಗೆದು, ಆವೃತ್ತಿ ಸಂಖ್ಯೆ ಸಮೇತ ತಯಾರಕರಿಗೆ ಕಳಿಸಿ, ಬಳಗದ ನಾಲ್ಕು ಜನರೂ ಕಳಿಸುವಂತೆ ಮಾಡಬೇಕು. ಅಷ್ಟು ಮಾಡುವ ಪುರುಸೊತ್ತಿಲ್ಲದವರಿಗೆ ಬೀಟಾ ದಂಡ.