ಆರನೆಯ ಪ್ರಶ್ನೆ

ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ, ಮಕ್ಕಳ ಅಂಗಿಗೆ ಬಟ್ಟೆ. ಜೊತೆಗೆ ಅಡ್ಡಬಿಲ್ಲುಗಳು, ಅವಕ್ಕೆ ಬೇಕಾದ ಬಾಣಗಳು. 1448ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಮಾರ್ಗರೆಟ್ ಪ್ಯಾಸ್ಟನ್ ಎಂಬ ಗೃಹಿಣಿ ಊರಲ್ಲಿಲ್ಲದ ಗಂಡನಿಗೆ ಬರೆಸಿ ಕಳಿಸಿದ ಕಾಗದದಲ್ಲಿ ಈ ಪಟ್ಟಿಯಿದೆ. ಮೊದಲ ಸಲ ಓದಿದಾಗ ನಾನು ನಕ್ಕೆ. ಎರಡನೆಯ ಸಲ ನಗು ಬರಲಿಲ್ಲ. ಅಡುಗೆಮನೆಯ ಡಬ್ಬಿ ಖಾಲಿಯಾಗುವುದೂ, ಆಸ್ತಿಗಾಗಿ ಜನ ಮನೆಯ ಮೇಲೆ ಏರಿ ಬರುವುದೂ ಅವಳಿಗೆ ಒಂದೇ ದಿನದ ಚಿಂತೆಗಳು.

ಪ್ಯಾಸ್ಟನ್ ಮನೆತನದ ಕಾಗದಗಳು ಮೊದಲು ಅಚ್ಚಾದದ್ದು 1787ರಲ್ಲಿ. ಓದಿದವರು ಅದರಲ್ಲಿನ ಪ್ರೇಮಪತ್ರಗಳನ್ನು ಮೆಚ್ಚುತ್ತಾರೆ, ಯುದ್ಧದ ಸುದ್ದಿ ಹುಡುಕುತ್ತಾರೆ. ನನಗೆ ಮಾತ್ರ ಅವು ಮೊದಲಿಂದ ಕೊನೆಯವರೆಗೂ ಜಮೀನಿನ ಕಾಗದಗಳಾಗಿಯೇ ಕಂಡವು. ಬೇಸಾಯಗಾರನ ಮಗನೊಬ್ಬ ನ್ಯಾಯಾಧೀಶನಾಗಿ ಆಸ್ತಿ ಕೊಂಡ. ಕೊಂಡದ್ದನ್ನು ಉಳಿಸಿಕೊಳ್ಳುವುದು ಅವನ ಮಕ್ಕಳ, ಮೊಮ್ಮಕ್ಕಳ ಪಾಡಾಯಿತು. ಮಾರ್ಗರೆಟ್ ಆ ಮನೆಯ ಸೊಸೆ. ಗಂಡ ಜಾನ್ ಕೋರ್ಟು ಕಚೇರಿಯೆಂದು ಲಂಡನ್ನಿನಲ್ಲಿದ್ದರೆ, ಗೇಣಿ ವಸೂಲಿ, ಒಕ್ಕಲುಗಳ ದೂರು, ಪಾಳೇಗಾರರ ಕಾಟ ಎಲ್ಲ ಇವಳ ತಲೆಗೆ. 1450ರ ಜನವರಿಯಲ್ಲಿ ಗ್ರೆಷಮ್ ಎಂಬಲ್ಲಿನ ಮನೆಗೆ ಲಾರ್ಡ್ ಮೊಲೀನ್ಸನ ಕಡೆಯವರು ನುಗ್ಗಿದರು. ಸಾವಿರ ಜನ ಬಂದಿದ್ದರೆಂದು ಗಂಡ ಆಮೇಲೆ ದೂರು ಕೊಟ್ಟ. ಒಳಗಿದ್ದವಳು ಮಾರ್ಗರೆಟ್, ಹನ್ನೆರಡು ಆಳುಗಳೊಂದಿಗೆ. ಅವಳಿದ್ದ ಕೋಣೆಯ ಗೋಡೆಯನ್ನೇ ಕೊರೆದು ಅವಳನ್ನು ಹೊರಗೆ ಎತ್ತಿಹಾಕಿದರು.

ಈ ಕಾಗದಗಳ ಪಕ್ಕದಲ್ಲಿ ಅದೇ ಕಾಲದ ಇನ್ನೊಂದು ಬಗೆಯ ಬರಹವನ್ನು ಇಟ್ಟು ಓದಬೇಕು. ರಾಜನಿಂದ ನೇರವಾಗಿ ಭೂಮಿ ಪಡೆದವರು ಸತ್ತರೆ, ಆಗ ಇಂಗ್ಲೆಂಡಿನಲ್ಲಿ ಸರ್ಕಾರಿ ವಿಚಾರಣೆ ನಡೆಯುತ್ತಿತ್ತು. ಹದಿಮೂರನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೂ ಈ ಪದ್ಧತಿ ಇತ್ತು. ಅಧಿಕಾರಿ ಬಂದು ಸುತ್ತಲಿನ ಹನ್ನೆರಡೋ ಹೆಚ್ಚೋ ಗಂಡಸರಿಂದ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಸತ್ತದ್ದು ಯಾವ ದಿನ? ಇದ್ದ ಜಮೀನು ಯಾವುದು? ಅದು ಯಾರಿಂದ, ಯಾವ ಸೇವೆಗಾಗಿ ಬಂದದ್ದು? ವರ್ಷದ ಉತ್ಪನ್ನ ಎಷ್ಟು? ವಾರಸುದಾರರು ಯಾರು, ಅವರಿಗೆಷ್ಟು ವಯಸ್ಸು? ಈ ಕೊನೆಯ ಪ್ರಶ್ನೆಗೆ ಕಾರಣವಿತ್ತು. ವಾರಸುದಾರ ಮೈನರಾದರೆ ಅವನು ಪ್ರಾಯಕ್ಕೆ ಬರುವವರೆಗೂ ಜಮೀನಿನ ಆದಾಯ ರಾಜನದು. ಮಗುವಿನ ಮದುವೆ ಮಾಡಿಸುವ ಹಕ್ಕೂ ರಾಜನದೇ. ಅದನ್ನು ಹಣಕ್ಕೆ ಮಾರಬಹುದಿತ್ತು.

ಬರಹವಾಗಿ ನೋಡಿದರೆ ಈ ದಾಖಲೆಗಳಿಗೆ ಒಂದು ಅಚ್ಚುಕಟ್ಟಿದೆ, ಸುಳ್ಳು ಅಲಂಕಾರವಿಲ್ಲ. ಹೆಂಗಸೂ ಅಲ್ಲಿ ಬರುತ್ತಾಳೆ: ಜೀವ ಇರುವತನಕ ಮೂರನೆಯ ಒಂದು ಪಾಲು ಅನುಭವಿಸುವ ವಿಧವೆಯಾಗಿ, ಗಂಡುಮಕ್ಕಳಿಲ್ಲದ ಮನೆಯಲ್ಲಿ ಸಮಪಾಲು ಪಡೆಯುವ ಅಕ್ಕತಂಗಿಯರಾಗಿ. ಕೊರತೆ ಇರುವುದು ಪ್ರಶ್ನೆಗಳಲ್ಲೇ. ಆರನೆಯ ಪ್ರಶ್ನೆಯೊಂದನ್ನು ಯಾರೂ ಕೇಳಲಿಲ್ಲ: ಈ ಭೂಮಿಯನ್ನು ಇಷ್ಟು ದಿನ ನೋಡಿಕೊಂಡವರು ಯಾರು? ಅದಕ್ಕೆ ಉತ್ತರ ಮಾರ್ಗರೆಟ್ಟಳ ಕಾಗದಗಳಲ್ಲಿದೆ.

ಹೀಗೆ ಸಮಪಾಲು ಪಡೆಯುವ ಅಕ್ಕತಂಗಿಯರನ್ನು ಇಂಗ್ಲಿಷ್ ಕಾನೂನು ಕೋಪಾರ್ಸೆನರ್ ಎನ್ನುತ್ತಿತ್ತು. ಆ ಮಾತು ಅಲ್ಲಿ ಹೆಚ್ಚಾಗಿ ಸಲ್ಲುತ್ತಿದ್ದುದು ಹೆಣ್ಣುಮಕ್ಕಳಿಗೇ. ಬ್ರಿಟಿಷರ ಕೋರ್ಟುಗಳ ಮೂಲಕ ನಮ್ಮಲ್ಲಿಗೆ ಬಂದಾಗ ಅದು ಅವಿಭಕ್ತ ಕುಟುಂಬದ ಗಂಡಸರ ಹೆಸರಾಯಿತು! ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಆ ಮಾತಿನೊಳಗೆ ಸೇರಿಸಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1991ರಲ್ಲೇ ಆಗಿತ್ತು. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಪ್ಪ ತೀರಿಕೊಂಡಿದ್ದರು, ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಯಾಗಿತ್ತು. ನನಗೆ ನೆನಪಿರುವುದು ಅಂದಿನ ವಂಶವೃಕ್ಷದ ಹಾಳೆ. ಅಪ್ಪ ಪಟ್ಟಣದ ನೌಕರಿಯಲ್ಲಿದ್ದಾಗ ಮೂವತ್ತು ವರ್ಷ ಗದ್ದೆ ಮಾಡಿಸಿದವಳು ಅಮ್ಮ. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ‘ಹೆಂಡತಿ’ ಎಂಬ ಒಂದೇ ಮಾತು.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಓದಿದ್ದರಿಂದ ಮಾರ್ಗರೆಟ್ಟಳನ್ನು ಹೊಗಳಿ ಮುಗಿಸುವುದು ನನಗೆ ಸುಲಭವಿತ್ತು. ಆದರೆ 1469ರ ಕಾಗದಗಳು ಬಿಡಲಿಲ್ಲ. ಅವಳ ಮಗಳು ಮಾರ್ಜರಿ, ಮನೆಯ ಪಾರುಪತ್ಯಗಾರ ರಿಚರ್ಡ್ ಕಾಲೆಗೆ ಗುಟ್ಟಾಗಿ ಮದುವೆಯ ಮಾತು ಕೊಟ್ಟಳು. ಗೇಣಿಯ ಲೆಕ್ಕ ಬರೆಯುತ್ತಿದ್ದವನು, ಮಾರ್ಗರೆಟ್ ಹೇಳಿದ ಎಷ್ಟೋ ಕಾಗದಗಳನ್ನು ಬರೆದುಕೊಟ್ಟವನು ಅವನೇ. ಅಂಗಡಿಕಾರರ ಮನೆಯ ಹುಡುಗ ಅಳಿಯನಾದರೆ ಕುಲಗೌರವ ಏನಾಗಬೇಕು? ನಾರಿಚ್‌ನ ಬಿಷಪ್ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ, ಆಡಿದ ಮಾತೇನೆಂದು ವಿಚಾರಿಸಿದ. ಆ ಮಾತು ಸಾಲದಿದ್ದರೆ ಇನ್ನೂ ಗಟ್ಟಿಮಾಡುತ್ತೇನೆ ಎಂಬರ್ಥದ ಉತ್ತರ ಕೊಟ್ಟಳು ಮಾರ್ಜರಿ. ಮಾತು ಊರ್ಜಿತವಾಯಿತು. ತಾಯಿ ಮಗಳನ್ನು ಒಳಗೆ ಬಿಡಬಾರದೆಂದು ಆಳುಗಳಿಗೆ ಹೇಳಿಟ್ಟಳು. ಒಂದು ಕಾಲಕ್ಕೆ ಗೋಡೆ ಕೊರೆಸಿಕೊಂಡು ಹೊರಬಿದ್ದವಳು ಈಗ ತಾನೇ ಬಾಗಿಲು ಹಾಕಿದಳು.

ಇಲ್ಲಿ ಅವಳ ಮೇಲೆ ನನಗೆ ಸಿಟ್ಟಿದೆ. ಆದರೂ ಅವಳ ಕಾಗದಗಳ ಬೆಲೆ ಇರುವುದು ಇದರಲ್ಲೇ ಅನ್ನಿಸುತ್ತದೆ. ಧೈರ್ಯ ತೋರಿಸಿದ ಧ್ವನಿಯಲ್ಲೇ ಕಾಠಿಣ್ಯವನ್ನೂ ತೋರಿಸುತ್ತಾಳೆ, ಏನನ್ನೂ ತಿದ್ದಿ ಚೆಂದ ಮಾಡುವುದಿಲ್ಲ. ಆಸ್ತಿ ಕಾಯುತ್ತಾ ಕಾಯುತ್ತಾ ಆಸ್ತಿಯ ಲೆಕ್ಕವೇ ತಾಯಿಯ ಮಾತಾಗಿಬಿಡುವುದನ್ನು ನಾವು ನಮ್ಮ ಮನೆಗಳಲ್ಲೂ ಕಂಡಿಲ್ಲವೇ? ಮಾರ್ಜರಿ ಬರೆದ ಕಾಗದ ಒಂದೂ ಉಳಿದಿಲ್ಲ. ಅವಳಿಗೆ ಕಾಲೆ ಬರೆದದ್ದು ಒಂದು ಉಳಿದಿದೆ. ಇಷ್ಟು ದೊಡ್ಡ ಸಂಗ್ರಹದಲ್ಲಿ ನನಗೆ ಅತ್ಯಂತ ಜೋರಾಗಿ ಕೇಳಿಸಿದ್ದು ಆ ಮೌನ.

1482ರಲ್ಲಿ ಮಾರ್ಗರೆಟ್ ಉಯಿಲು ಬರೆಸಿದಳು. ತನ್ನನ್ನು ತವರೂರಾದ ಮಾಟ್ಬಿಯ ಚರ್ಚಿನಲ್ಲಿ, ತನ್ನ ಪೂರ್ವಿಕರ ನಡುವೆ ಹೂಳಬೇಕೆಂದಳು. ಗಂಡನ ಮನೆಯ ಭೂಮಿಗೆ ಆಯುಸ್ಸು ಸವೆಸಿದವಳು ಕೊನೆಗೆ ಕೇಳಿದ್ದು ತವರಿನ ಆರಡಿ ನೆಲ. ಅದೇ ಉಯಿಲಿನಲ್ಲಿ ಇನ್ನೊಂದು ಸಾಲಿದೆ: ಮಾರ್ಜರಿಯ ಮಗ ಜಾನ್ ಕಾಲೆಗೆ ಇಪ್ಪತ್ತು ಪೌಂಡ್.

ಮಗಳಿಗೆ ಹಾಕಿದ ಬಾಗಿಲನ್ನು ಮೊಮ್ಮಗನಿಗೆ ಅಷ್ಟು ತೆರೆದಿದ್ದಳು.