‘90 ನಂಬರ್’ ಎಂಬ ಒಂದೇ ಉತ್ತರ

ಸಂಡೂರಿನ ಗುಡ್ಡದಿಂದ ಅದಿರು ಇಳಿಸುವ ಟಿಪ್ಪರ್ ಇರಲಿ, ಸಿರುಗುಪ್ಪದ ಮಿಲ್ಲಿನಿಂದ ಅಕ್ಕಿ ಹೊರುವ ಲಾರಿ ಇರಲಿ, ಕುರುಗೋಡು ಕಡೆಯಿಂದ ಜಲ್ಲಿ ತರುವ ಗಾಡಿ ಇರಲಿ, ಬಳ್ಳಾರಿಯ ಗ್ಯಾರೇಜಿನಲ್ಲಿ ‘ಗೇರ್‌ಬಾಕ್ಸಿಗೆ ಯಾವ ಆಯಿಲ್?’ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘90 ನಂಬರ್ ಹಾಕ್ರಿ.’ ಗೇರ್‌ಬಾಕ್ಸಿಗೂ ಅದೇ ಡ್ರಮ್ಮು, ಹಿಂದಿನ ಕ್ರೌನ್ ಹೌಸಿಂಗಿಗೂ ಅದೇ ಡ್ರಮ್ಮು. ಈ ರೂಢಿಯಲ್ಲಿ ಅರ್ಧ ಅನುಭವದ ಬುದ್ಧಿಯಿದೆ, ಉಳಿದರ್ಧ ಮಾಲೀಕನ ಗಂಟು ಕರಗಿಸುವ ತಪ್ಪು.

ಸರಿಯಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. 90 ಎಂಬುದು 100 ಡಿಗ್ರಿ ಕಾವಿನಲ್ಲಿ ಎಣ್ಣೆ ಎಷ್ಟು ಮಂದವಾಗಿರುತ್ತದೆ ಎಂಬುದರ ಗುರುತು. ಬಿಸಿಲು 40 ದಾಟುವ ನಮ್ಮ ಬೇಸಿಗೆಯಲ್ಲಿ, ತುಂಬಿದ ಲೋಡಿನಲ್ಲಿ, ಹಲ್ಲುಗಳ ನಡುವೆ ಪದರ ಹರಿಯದಂತೆ ಕಾಯಲು ಬಹಳಷ್ಟು ಗೇರ್‌ಬಾಕ್ಸುಗಳಿಗೆ ಈ ಮಂದ ಸಾಕು. 80ಡಬ್ಲ್ಯು-90ರಲ್ಲಿನ 80ಡಬ್ಲ್ಯು ಚಳಿಯ ಲೆಕ್ಕ. ಅದರ ಪರೀಕ್ಷೆ ಸೊನ್ನೆಗಿಂತ 26 ಡಿಗ್ರಿ ಕೆಳಗೆ ನಡೆಯುತ್ತದೆ. ಬಳ್ಳಾರಿಯ ಮಿಸ್ತ್ರಿ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಷ್ಟವೇನಿಲ್ಲ.

ಎಡವುವುದು ಮುಂದೆ. ನಂಬರು ಮಂದವನ್ನು ಹೇಳುತ್ತದೆ, ಗುಣವನ್ನಲ್ಲ. ಗುಣ ಬೇಕಾದರೆ ಡಬ್ಬಿಯ ಮೇಲೆ ಜಿಎಲ್-4 ಎಂದಿದೆಯೋ ಜಿಎಲ್-5 ಎಂದಿದೆಯೋ ನೋಡಬೇಕು. ಹೈಪಾಯ್ಡ್ ಕ್ರೌನ್-ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರಿ ಉಜ್ಜುತ್ತವೆ. ಅದಕ್ಕಾಗಿ ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರ್ಪಡೆ ಹೆಚ್ಚು. ಸಿಂಕ್ರೊ ಗೇರ್‌ಬಾಕ್ಸಿನಲ್ಲಿ ಹಿತ್ತಾಳೆ ರಿಂಗುಗಳಿದ್ದರೆ ಇದೇ ಸೇರ್ಪಡೆ ಶತ್ರುವಾಗಬಹುದು: ಕಾವೇರಿದಾಗ ಹಳದಿ ಲೋಹವನ್ನು ತಿನ್ನಬಹುದು, ರಿಂಗು ಕಚ್ಚಿ ಹಿಡಿಯಬೇಕಾದ ಕಡೆ ಜಾರಿಸಬಹುದು. ಗೇರ್ ಬದಲಿಸುವಾಗ ಕರ್‌ಕರ್ ಎಂದರೆ ಡ್ರೈವರನ ಕಾಲನ್ನೋ ಕ್ಲಚ್ಚನ್ನೋ ಬಯ್ಯುತ್ತೇವೆ, ಎಣ್ಣೆಯನ್ನು ಕೇಳುವವರಿಲ್ಲ. ತಿರುಗಾ ಮುರುಗಾ ಆಗಿ ಹೌಸಿಂಗಿಗೆ ಜಿಎಲ್-4 ಬಿದ್ದರೆ ಕ್ರೌನಿನ ಹಲ್ಲೇ ಸವೆಯುತ್ತದೆ.

ಇದರ ಸಾಕ್ಷಿ ಡ್ರೇನ್ ಪ್ಲಗ್ಗಿನಲ್ಲೇ ಸಿಗುತ್ತದೆ. ಗಾಡಿ ಓಡಿ ಬಂದು ಎಣ್ಣೆ ಬಿಸಿಯಿರುವಾಗಲೇ ಬಿಚ್ಚಿ, ಒಂದಿಷ್ಟನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಂತೆ ಅಂಟಿದ್ದು ಉಕ್ಕಿನ ಸವೆತ. ತುಸು ಇದ್ದರೆ ಸಹಜ. ಬಟ್ಟೆಯ ಮೇಲೆ ಬಂಗಾರದ ಪುಡಿಯಂತೆ ಮಿನುಗುವುದು ಹಿತ್ತಾಳೆ. ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಆ ಮಿನುಗು ಕಂಡರೆ ರಿಂಗು ಕರಗುತ್ತಿದೆ. ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ.

ಸದ್ದು ಬಂತೆಂದು 140 ನಂಬರ್ ಸುರಿಯುವ ಚಾಳಿಯಂತೂ ಇನ್ನೂ ಕೆಟ್ಟದ್ದು. ಮಂದ ಎಣ್ಣೆ ಬೇರಿಂಗಿನ ಕೂಗನ್ನು ಅಡಗಿಸುತ್ತದೆ, ರೋಗವನ್ನಲ್ಲ. ಗಾಡಿ ಗುಡ್ಡದ ಏರಿನಲ್ಲಿ ನಿಂತಾಗ ಆ ಉಳಿತಾಯದ ಬೆಲೆ ತಿಳಿಯುತ್ತದೆ.

ಹಾಗಾದರೆ ಯಾರ ಮಾತು ಕೇಳಬೇಕು? ಗಾಡಿಯ ಜೊತೆ ಬಂದ ಪುಸ್ತಕದ ಮಾತು. ಕೆಲವು ಗೇರ್‌ಬಾಕ್ಸಿಗೆ ಎಂಜಿನ್ ಆಯಿಲ್ ಜಾತಿಯದೇ ಸರಿ. ಕೆಲವು ಜಿಎಲ್-5 ಎಣ್ಣೆಗೆ ತಯಾರಕರೇ ಒಪ್ಪಿಗೆ ಕೊಟ್ಟಿರುತ್ತಾರೆ, ಅಲ್ಲಿ ಹೆದರಬೇಕಿಲ್ಲ. ನಮ್ಮ ಮಿಸ್ತ್ರಿಗಳ ಕಿವಿ, ಕೈ ಎರಡೂ ಸೂಕ್ಷ್ಮ. ಕೊರತೆಯಿರುವುದು ಓದುವ ರೂಢಿಯದು. ಗ್ಯಾರೇಜಿನಲ್ಲಿ ಎರಡು ಡ್ರಮ್ಮು, ಎರಡು ಪಂಪು ಇಡಲಿ. ಒಂದರ ಮೇಲೆ ‘ಗೇರ್‌ಬಾಕ್ಸ್’, ಇನ್ನೊಂದರ ಮೇಲೆ ‘ಹೌಸಿಂಗ್’ ಎಂದು ಬಣ್ಣದಲ್ಲಿ ದಪ್ಪಗೆ ಬರೆಯಲಿ.